ಹೆಗ್ಗಣ ಎತ್ತಿದ ಕೈ

ಹಾವು ಕಚ್ಚಿದವರಿಗೆಲ್ಲ ಮುಂಗುಸಿ ವಿಷ ಇಳಿಸುವ ತನ್ನ ಬೇರನ್ನು ಪುಕ್ಕಟೆ ಕೊಡಬೇಕೆಂಬ ಕಾಯ್ದೆಗೆ ಕಾಡಿನ ಸಭೆಯಲ್ಲಿ ಪರ ವಿರೋಧ ಮತಗಳು ಸರಿಸಮ ಬಿದ್ದಿದ್ದವು. ಅಷ್ಟರಲ್ಲಿ ಖಾಲಿಯಿದ್ದ ಇಲಿಗಳ ಕ್ಷೇತ್ರಕ್ಕೆ ಚುನಾವಣೆ ಬಂತು. ಮುಂಗುಸಿ ಹಂಚಿದ ಶೇಂಗಾ ತಿಂದ ಇಲಿಗಳು ಅದರ ಕಡೆಯ ಹೆಗ್ಗಣವನ್ನೇ ಗೆಲ್ಲಿಸಿದವು.

"ನನ್ನ ಬಿಲದ ಹತ್ತಿರ ಸುಳಿಯೋ ಗಂಡೆದೆ ಯಾವ ಹಾವಿಗಿದೆ?" ಎಂದು ಸಭೆಯಲ್ಲಿ ಮೀಸೆ ತಿರುವಿ ಹೆಗ್ಗಣ ವಿರೋಧಕ್ಕೆ ಕೈ ಎತ್ತಿತು. ಕಾಯ್ದೆ ಬಿತ್ತು.

ಆ ಖುಷಿಯ ಮೆರವಣಿಗೆಯಲ್ಲಿ ಹೆಗ್ಗಣ ಎದೆಯುಬ್ಬಿಸಿ, ನೆಲ ನೋಡದೆ ನಡೆದು ಹಾವನ್ನೇ ತುಳಿಯಿತು. ಕಚ್ಚಿಸಿಕೊಂಡು ಮುಂಗುಸಿಯ ಬಾಗಿಲಿಗೆ ಓಡಿತು.

"ಬೇರು ಕೊಡಣ್ಣ, ಜೀವ ಹೋಗ್ತಿದೆ."

"ಕೊಡಬೇಕೆಂಬ ಕಾಯ್ದೆಯೇ ಇಲ್ಲವಲ್ಲ ಶಾಸಕರೇ," ಎಂದಿತು ಮುಂಗುಸಿ. "ಮುಂದಿನ ಚುನಾವಣೆ ಆಗಲಿ, ನೋಡೋಣ. ಅಲ್ಲಿಯವರೆಗೆ ಸ್ವಲ್ಪ ಉಸಿರು ಬಿಗಿಹಿಡಿದುಕೊಂಡಿರಿ."