ಮೇಸ್ತ್ರಿ ಬರೆದ ಚೀಟಿಗಳು

"ಗುರುಗಳೇ, ಕೂಲಿ ಮೊದಲೋ, ಬಿಡುಗಡೆಯ ಚೀಟಿ ಮೊದಲೋ?"

ಮಠದ ದಾಸೋಹದ ಮನೆಗೆ ಹೆಂಚು ಹೊದಿಸಿ ಮುಗಿದ ಸೋಮವಾರ ಶಿಷ್ಯ ಮರುಳಸಿದ್ಧ ಹೀಗೆ ಕೇಳಿದ. ಕಟ್ಟಡದ ಉಸ್ತುವಾರಿ ಅವನದು. ತಮಗೇನೂ ಬಾಕಿಯಿಲ್ಲವೆಂದು ಕೆಲಸದವರು ಬಿಡುಗಡೆಯ ಚೀಟಿ ಬರೆದುಕೊಟ್ಟರೆ ಮಾತ್ರ ಹಣ ಎಂದು ಕಟ್ಟಡದ ಖರ್ಚು ಹೊತ್ತ ದಾನಿ ಹೇಳಿಕಳಿಸಿದ್ದರು. ಆ ಹಣ ಬಾರದೆ ಕೂಲಿ ಕೊಡುವಂತಿರಲಿಲ್ಲ. ಏಳು ಮನೆಯ ಒಲೆಗಳು ಆ ಕೂಲಿಗೆ ಕಾದಿದ್ದವು.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ. ಕೂಲಿ ಸಲ್ಲುವವರೆಗೆ ಕಟ್ಟಿದವನಿಗೆ ಮನೆಯ ಮೇಲೆ ಹಕ್ಕು ಎಂಬುದು ಆ ಊರಿನ ಕಟ್ಟಳೆ. ಗೋಡೆಯ ನೇರ ನೋಡುವ ತೂಕದ ಗುಂಡನ್ನು ಅವನು ಆ ಹಕ್ಕಿನ ಗುರುತಾಗಿ ಹೆಬ್ಬಾಗಿಲಿಗೆ ತೂಗುಹಾಕುತ್ತಿದ್ದ. ಅದು ಇರುವವರೆಗೆ ಆ ಮನೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಒಬ್ಬ ವರ್ತಕ ಮಾರಲೆಂದೇ ಮನೆ ಕಟ್ಟಿಸಿದ. ಕೊಳ್ಳುವವನು ಕೆಲಸ ಆದಂತೆಲ್ಲ ಹಣ ಕೊಡಲು ಒಪ್ಪಿದ. ಪ್ರತಿ ಸಲವೂ ಮೇಸ್ತ್ರಿಯ ಚೀಟಿ ಬೇಕೆಂದ. ವರ್ತಕ ಓಡಿಬಂದ.

"ಮೇಸ್ತ್ರಿ, ಎಲ್ಲ ಬಂತು, ಹಕ್ಕು ಬಿಟ್ಟೆ ಅಂತ ಒಂದು ಸಾಲು ಗೀಚಿಬಿಡು. ನಾಳೆಯೇ ದುಡ್ಡು."

"ಗೋಡೆಯ ಕೂಲಿ ಬಂದಿದೆ ಧಣಿ. ಗೋಡೆಯ ಮಟ್ಟಿಗೆ ಹಕ್ಕು ಬಿಟ್ಟೆ ಎಂದು ಒಂದು ಚೀಟಿ. ಚಾವಣಿಯದು ಬಂದಿಲ್ಲ. ಅದಕ್ಕೆ ಬೇರೆ ಚೀಟಿ, ಅದರಲ್ಲಿ ಹೀಗೆ ಬರೆಯುತ್ತೇನೆ: ಹಣ ನನ್ನ ಕೈ ಸೇರಿದ ಗಳಿಗೆಯಲ್ಲಿ ಹಕ್ಕು ಹೋಯಿತು. ಸೇರದಿದ್ದರೆ ಅದು ಬರೀ ಕಾಗದ. ನೆಲದ ಕೆಲಸ ಇನ್ನೂ ಆಗಿಲ್ಲ, ಅದರ ಮಾತು ಈಗ ಬೇಡ."

"ಏನಯ್ಯಾ, ಇಷ್ಟುದ್ದದ ಮನೆಗೆ ಅಷ್ಟುದ್ದದ ಅನುಮಾನ! ನನ್ನ ಮೇಲೆ ನಂಬಿಕೆಯಿಲ್ಲವೇ?"

"ನಂಬಿಕೆ ಇರುವುದಕ್ಕೇ ಹಣ ಕಾಣುವ ಮೊದಲು ಬರೆದುಕೊಡುತ್ತಿದ್ದೇನೆ. ನನ್ನ ಕೈಯನ್ನೂ ನಾನು ನಂಬುತ್ತೇನೆ ಧಣಿ. ಆದರೂ ಪ್ರತಿ ಗೋಡೆಗೆ ಗುಂಡು ಇಳಿಬಿಟ್ಟು ನೋಡುತ್ತೇನೆ."

ವರ್ತಕನಿಗೂ ನಗು ಬಂತು. ಕೊಳ್ಳುವವನು ಚೀಟಿಗಳನ್ನು ಓದಿದ. ಹಣ ಮೇಸ್ತ್ರಿಗೆ ಮುಟ್ಟಿದರೆ ಹಕ್ಕು ತಾನಾಗಿ ಹೋಗುತ್ತದೆಂದು ತಿಳಿದು, ಅಂದೇ ಚಾವಣಿಯ ಹಣ ಕಳಿಸಿಕೊಟ್ಟ.

ನೆಲದ ಕೆಲಸ ಮುಗಿದಾಗಲೂ ಹಾಗೆಯೇ ಆಯಿತು. ಕೊನೆಯ ಕೂಲಿ ಸೇರಿದರೆ ಇಡೀ ಮನೆಯ ಹಕ್ಕು ಹೋಯಿತು ಎಂದು ಮೇಸ್ತ್ರಿ ಬರೆದುಕೊಟ್ಟ. ಕೂಲಿ ಬಂತು. ಎಣಿಸಿಕೊಂಡ ಮೇಲೆ, ಎಲ್ಲ ಸಂದಿತು ಎಂದು ಕಡೆಯ ಚೀಟಿ ಬರೆದ. ಗುಂಡು ಇಳಿಸಿಕೊಂಡು ಹಿಂದಿನ ಬೀದಿಯ ಕೆಲಸಕ್ಕೆ ಹೋದ.

ಮರುಳಸಿದ್ಧನ ಮುಖ ಅರಳಿತು. "ತಿಳಿಯಿತು ಗುರುಗಳೇ! ಯಾರೂ ಮೊದಲಾಗಬೇಕಿಲ್ಲ. ಕೂಲಿ ಕೈ ಸೇರಿದರಷ್ಟೇ ಹಕ್ಕು ಹೋಗುವಂತೆ ಬರೆಸಿದರೆ ದಾನಿಗೂ ಭಯವಿಲ್ಲ, ಕೆಲಸದವರಿಗೂ ಇಲ್ಲ."

"ಸರಿಯಪ್ಪ. ಬೆಳಿಗ್ಗೆ ನೀನು ಅವರಿಂದ ಏನೆಂದು ಬರೆಸಿಕೊಂಡೆ?"

ಮರುಳಸಿದ್ಧ ಜೇಬಿನಿಂದ ಕಾಗದ ತೆಗೆದ. ಅದರಲ್ಲಿ, ಎಲ್ಲ ಬಂತು ಎಂಬ ಸಾಲಿನ ಕೆಳಗೆ ಏಳು ಹೆಬ್ಬೆಟ್ಟಿನ ಗುರುತುಗಳಿದ್ದವು.