ಎಲ್ಲರೂ ನೋಡಿದ ನೀರು

ಒಂದು ಊರಿತ್ತು. ಹೆಸರು ಬೇಡ. ಹೇಳಿದರೆ ಆ ಊರಿನವರು ಗ್ರೂಪಿನಲ್ಲಿ ಜಗಳಕ್ಕೆ ಬರುತ್ತಾರೆ. ಆ ಊರಿನ ಗಾಣಿಗರ ಬೀದಿಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬ ಹೆಂಗಸು, ಅವಳಿಗೊಬ್ಬ ಮಗ. ಮಗನ ಹೆಸರು ಮರಿಯಪ್ಪ. ವಯಸ್ಸು ಇಪ್ಪತ್ತೆಂಟು. ಮೀಸೆ ಬಂದಿತ್ತು, ಫೋನು ಬಂದಿತ್ತು, ಬುದ್ಧಿಯೊಂದು ಬರಬೇಕಾಗಿತ್ತು. ಹೇಳಿದ್ದನ್ನು ಮಕ್ಕಳು ಮಾಡುವುದಿಲ್ಲ ಅಂತ ಎಲ್ಲ ತಾಯಂದಿರೂ ಅಳುತ್ತಾರೆ. ಪುಟ್ಟತಾಯಮ್ಮ ಅಳುತ್ತಿದ್ದದ್ದು, ಹೇಳಿದ್ದನ್ನೇ ಮಾಡುತ್ತಾನಲ್ಲ ಅಂತ.

ಪುಟ್ಟತಾಯಮ್ಮ ಮನೆಯ ಜಗಲಿಯಲ್ಲಿ ಇಡ್ಲಿ ಮಾರುವವಳು. ಇಡ್ಲಿಗೆ ಅಕ್ಕಿ ಬೇಕು, ಉದ್ದು ಬೇಕು, ಎಲ್ಲಕ್ಕಿಂತ ಮೊದಲು ನೀರು ಬೇಕು. ಬೀದಿಗೆಲ್ಲ ಇದ್ದದ್ದು ಒಂದೇ ನಲ್ಲಿ. ಆ ನಲ್ಲಿಯಲ್ಲಿ ನಲವತ್ತು ದಿನದಿಂದ ಒಂದು ಹನಿ ಇಲ್ಲ. ಪೈಪು ಒಡೆದಿದೆ ಅಂತ ಕೆಲವರು, ಇಲ್ಲ ವಾಲ್ವು ಕೆಟ್ಟಿದೆ ಅಂತ ಕೆಲವರು. ಬೀದಿಯವರ ಫೋನಿನ ಗ್ರೂಪಿನಲ್ಲಿ ಅದರ ಚರ್ಚೆಯೇ ಇಪ್ಪತ್ತು ದಿನ ನಡೆಯಿತು. ಅಷ್ಟು ದಿನವೂ ಪುಟ್ಟತಾಯಮ್ಮ ಆಚೆ ಬೀದಿಯ ಬಾವಿಯಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತಳು. ಮಗನನ್ನು ಒಂದು ದಿನ ಕಳಿಸಿ ನೋಡಿದಳು. "ಕೊಡ ತುಂಬಿಸು" ಅಂದಳು, ಅವನು ತುಂಬಿಸಿದ. ತುಂಬಿಸಿ ಬಾವಿಕಟ್ಟೆಯ ಮೇಲೇ ಬಿಟ್ಟು ಬಂದ. ಕೊಡ ಹೋಯಿತು.

ನೂರು ಇಡ್ಲಿ ಬೇಯುತ್ತಿದ್ದ ಒಲೆಯಲ್ಲಿ ಈಗ ಮೂವತ್ತು ಬೇಯುತ್ತಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಒಲೆ ಆರಿಸುವುದೇ ಸೈ ಅಂತ ಅವಳ ಸೊಂಟವೇ ಅವಳಿಗೆ ಹೇಳುತ್ತಿತ್ತು.

"ಬೀದಿಯವರೆಲ್ಲ ಒಟ್ಟಿಗೆ ಹೋಗಿ ನಿಂತ್ರೆ ನೀರು ತಾನಾಗಿ ಬರುತ್ತೆ ಕಣಮ್ಮ" ಅಂದರು ಕಪನಯ್ಯ ಮೇಷ್ಟ್ರು. ಇವರು ನಿವೃತ್ತರು, ಬೀದಿಯ ಗ್ರೂಪು ಮಾಡಿದವರೂ ಇವರೇ. ಗ್ರೂಪಿನಲ್ಲಿ ಅರವತ್ತೆರಡು ಜನ. ಪುಟ್ಟತಾಯಮ್ಮನ ಮನೆಯೊಂದು ಸೇರಿರಲಿಲ್ಲ. ಮೇಷ್ಟ್ರು ಮರಿಯಪ್ಪನನ್ನು ಸೇರಿಸಿದರು. ಅರವತ್ತಮೂರಾಯಿತು.

ಪುಟ್ಟತಾಯಮ್ಮ ಮಗನನ್ನು ಕೂರಿಸಿಕೊಂಡು ಹೇಳಿದಳು: "ನೋಡು ಮರಿ, ನಂಗೆ ಓದೋಕೆ ಬರಲ್ಲ. ನಮ್ಮನೆ ಪರವಾಗಿ ನೀನಿರು. ಜನ ಏನಾದ್ರೂ ಹಾಕಿದ್ರೆ ಕಲ್ಲಿನಂಗೆ ಕೂರ್ಬೇಡ. ಹೆಬ್ಬೆಟ್ಟು ಎತ್ತಿ ತೋರ್ಸು, ಭೇಷ್ ಅನ್ನು. ನಾಳೆ ನೀರಿಗೆ ಅಂತ ಕರೆದಾಗ ಅವರೂ ಬರ್ತಾರೆ."

"ಆಗಲವ್ವ, ಹಂಗೇ ಮಾಡ್ತೀನಿ."

ಮಾರನೆಯ ಬೆಳಿಗ್ಗೆ ದಿನಸಿ ಅಂಗಡಿ ರಂಗಶೆಟ್ಟಿ ಗ್ರೂಪಿಗೆ ಹಾಕಿದ: "ನಮ್ಮ ತಾಯಿಯವರು ತೀರಿಕೊಂಡರು." ಮರಿಯಪ್ಪ ಕಲ್ಲಿನಂತೆ ಕೂರಲಿಲ್ಲ. ಹೆಬ್ಬೆಟ್ಟು ಎತ್ತಿದ. "ಭೇಷ್" ಅಂತ ಬರೆದ. ಸಾಲದು ಅನ್ನಿಸಿ ಇನ್ನೆರಡು ಹೆಬ್ಬೆಟ್ಟು ಸೇರಿಸಿದ.

ಹನ್ನೊಂದನೆಯ ದಿನ ಕಳೆದ ಮೇಲೆ ರಂಗಶೆಟ್ಟಿ ಬೋಳುತಲೆಯಲ್ಲಿ ಜಗಲಿಗೆ ಬಂದು ನಿಂತ.

"ನಮ್ಮವ್ವ ಸತ್ತಿದ್ದು ನಿನ್ ಮಗಂಗೆ ಭೇಷಂತೆ ಪುಟ್ಟತಾಯಮ್ಮ. ಮೂರು ಹೆಬ್ಬೆಟ್ಟು ಎತ್ತವ್ನೆ. ಇನ್ನು ನಿನ್ನ ನೀರಿಗೆ ನಾನು ಬಂದಂಗೇ ಅನ್ಕೊ."

ಅವನು ಹೋದ ಮೇಲೆ ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. "ಮಂಕುದಿಣ್ಣೆ, ಏನೋ ಮಾಡ್ದೆ?"

"ನೀನು ಹೇಳ್ದಂಗೇ ಮಾಡ್ದೆ ಕಣವ್ವ."

"ಅಂಥ ಕಡೆ ಭೇಷ್ ಅಂತಾರೇನೋ? ಕೈ ಮುಗಿದು, ಆತ್ಮಕ್ಕೆ ಶಾಂತಿ ಸಿಗಲಿ ಅನ್ನಬೇಕು. ಇನ್ಮೇಲೆ ಹಂಗೆ ಬರಿ."

"ಆಗಲವ್ವ, ಹಂಗೇ ಮಾಡ್ತೀನಿ."

ಎರಡು ದಿನಕ್ಕೆ ಆಟೋ ಪರಮೇಶ ತನ್ನ ಮಗಳ ನಿಶ್ಚಿತಾರ್ಥದ ಫೋಟೊ ಹಾಕಿದ. ಹುಡುಗ, ಹುಡುಗಿ, ಇಬ್ಬರ ಕೊರಳಲ್ಲೂ ಹಾರ. ಮರಿಯಪ್ಪ ಕೈ ಮುಗಿದ. "ಇಬ್ಬರ ಆತ್ಮಕ್ಕೂ ಶಾಂತಿ ಸಿಗಲಿ. ಕುಟುಂಬಕ್ಕೆ ಈ ನೋವು ತಡೆಯುವ ಶಕ್ತಿಯನ್ನು ದೇವರು ಕೊಡಲಿ" ಅಂತ ಬರೆದ. ಅವನು ಬರೆದದ್ದಷ್ಟೇ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದರ ಕೆಳಗೆ ಹದಿನಾಲ್ಕು ಜನ, ಎಲ್ಲ ಓದು ಬಲ್ಲವರು, ಮೇಲೇನಿದೆ ಅಂತ ನೋಡದೆ "ಓಂ ಶಾಂತಿ" "ಓಂ ಶಾಂತಿ" ಅಂತ ಸಾಲಾಗಿ ಹಾಕಿದರು. ಇನ್ಯಾರೋ ಪುಣ್ಯಾತ್ಮರು ಅದನ್ನು ಹುಡುಗನ ಊರಿಗೂ ಕಳಿಸಿದರು.

ಪರಮೇಶ ಜಗಲಿಯ ಮುಂದೆ ಬಂದು ಆಟೋ ಆರಿಸದೆಯೇ ಬೈದ. "ಹುಡುಗನ ಸೋದರಮಾವ ಬಿಳಿ ಪಂಚೆ ಉಟ್ಕೊಂಡು ಬಸ್ಸು ಹತ್ತವ್ನೆ ಕಣಮ್ಮ. ಮಂಡ್ಯದಿಂದ ಅಳ್ತಾ ಫೋನ್ ಮಾಡ್ತಾವ್ನೆ. ನಾನೀಗ ಏನಂತ ಹೇಳ್ಲಿ ಅವನಿಗೆ? ನಿನ್ ನೀರೂ ಬೇಡ, ನಿನ್ ಇಡ್ಲಿನೂ ಬೇಡ."

"ಮಂಕುದಿಣ್ಣೆ, ಏನೋ ಮಾಡ್ದೆ?"

"ನೀನು ಹೇಳ್ದಂಗೇ ಮಾಡ್ದೆ ಕಣವ್ವ."

"ಏನು ಎತ್ತ ಅಂತ ನೋಡದೆ ಬರೀತಾರೇನೋ? ಇನ್ಮೇಲೆ ಏನೇ ಬರಲಿ, ಮೊದ್ಲು ಹೋಗಿ ಕಣ್ಣಾರೆ ನೋಡು. ನಿಜ ಅಂತ ಗೊತ್ತಾದ ಮೇಲೆ ಒಳ್ಳೇ ಮಾತು ಬರಿ."

"ಆಗಲವ್ವ, ಹಂಗೇ ಮಾಡ್ತೀನಿ."

ಆ ವಾರವೇ ಕೊನೆ ಮನೆ ಜಯಶೀಲಮ್ಮ ಹಾಕಿದಳು: "ನಮ್ಮ ಮಗಳಿಗೆ ಗಂಡು ಮಗು. ಇಬ್ಬರೂ ಮನೆಗೆ ಬಂದಿದ್ದಾರೆ." ಮರಿಯಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಮಗು ನೋಡಲು ಬಂದಿದ್ದಾನೆ, ಪಾಪ, ಅಂತ ಅವರು ಒಳಗೆ ಕರೆದರು. ತೊಟ್ಟಿಲ ಹತ್ತಿರ ಹೋಗಿ ಬಗ್ಗಿದ.

"ಗಂಡು ಮಗು ಅಂತ ಬಂದದೆ ಅಕ್ಕ."

"ಹೂಂ ಕಣಪ್ಪ."

"ಬಟ್ಟೆ ತೆಗೀರಿ."

"ಯಾಕಪ್ಪ?"

"ನೋಡ್ಬೇಕು. ಕಣ್ಣಾರೆ ನೋಡಿದ ಮೇಲೇ ಶುಭಾಶಯ."

ಬಾಣಂತಿಗೆ ಕಾಸಿದ್ದ ನೀರು ಒಂದು ಚೊಂಬು ಅವನ ಬೆನ್ನ ಮೇಲೆ ಬಿತ್ತು. ಹತ್ತಿರ ಹತ್ತಿರ ಎರಡು ತಿಂಗಳಿಂದ ನೀರಿಲ್ಲದ ಬೀದಿಯಲ್ಲಿ ಒಂದು ಚೊಂಬು ನೀರನ್ನು ಹಾಗೆ ಚೆಲ್ಲಿದರು ಅಂದರೆ ಕೋಪ ಎಷ್ಟಿತ್ತು ಅಂತ ನೀವೇ ಅಂದಾಜು ಮಾಡಿ.

"ಮಂಕುದಿಣ್ಣೆ, ಈಗೇನೋ ಮಾಡ್ದೆ?"

"ನೀನು ಹೇಳ್ದಂಗೇ ಮಾಡ್ದೆ ಕಣವ್ವ. ನೋಡೋಕೆ ಬಿಡ್ಲಿಲ್ಲ. ಅದು ಗಂಡೋ ಹೆಣ್ಣೋ ಇನ್ನೂ ಗ್ಯಾರಂಟಿ ಇಲ್ಲ."

ಬೆನ್ನಿಗೆ ಬೆಣ್ಣೆ ಸವರುತ್ತ ತಾಯಿ ಹೇಳಿದಳು: "ನೋಡೋದೂ ಬೇಡ, ಕೇಳೋದೂ ಬೇಡ. ಊರೆಲ್ಲ ಏನು ಮಾಡ್ತದೆ? ಕೈಗೆ ಬಂದದ್ದನ್ನ ಹತ್ತು ಜನಕ್ಕೆ ದಾಟಿಸಿ ಸುಮ್ಮನಾಗ್ತದೆ. ನೀನೂ ಹಂಗೇ ಮಾಡು, ಸಾಕು."

"ಆಗಲವ್ವ, ಹಂಗೇ ಮಾಡ್ತೀನಿ."

ಬೀದಿಯಲ್ಲಿ ಮೂರು ಮನೆ ಮುನಿಸಿಕೊಂಡಾಗಿತ್ತು. ಧೈರ್ಯವಾಗಿ ಕೇಳಬಹುದಾದವರು ಅಂತ ಉಳಿದವರು ಮೇಷ್ಟ್ರೊಬ್ಬರು. ಪುರಸಭೆಗೆ ಕೊಡಲು ಒಂದು ಅರ್ಜಿ ಬರೆಸಬೇಕು ಅಂತ ಪುಟ್ಟತಾಯಮ್ಮ ಬಾವಿಯಿಂದ ಹೊತ್ತ ನೀರಿನಲ್ಲಿ ಇಪ್ಪತ್ತು ಇಡ್ಲಿ ಬೇಯಿಸಿ, ಕ್ಯಾರಿಯರ್ ತುಂಬಿ ಮಗನ ಕೈಗೆ ಕೊಟ್ಟಳು. "ಮೇಷ್ಟ್ರಿಗೆ ಕೊಟ್ಟು, ಅರ್ಜಿ ಬರ್ಕೊಡಿ ಅಂತ ಕೇಳು."

ಮರಿಯಪ್ಪ ಬೀದಿಗಿಳಿದ. ಕೈಗೆ ಬಂದಿದೆ, ಹತ್ತು ಜನಕ್ಕೆ ದಾಟಿಸಬೇಕು. ಸೈಕಲ್ ರಿಪೇರಿಯವನಿಗೆ ಎರಡು, ಪೋಸ್ಟ್‌ಮನ್ನಿಗೆ ಎರಡು, ಯಾರೋ ದಾರಿಹೋಕರಿಗೆ ಎರಡೆರಡು. ಹತ್ತು ಜನ ಆದ ಮೇಲೆ ಮೇಷ್ಟ್ರ ಮುಂದೆ ಕ್ಯಾರಿಯರ್ ಇಟ್ಟ. ಮೇಷ್ಟ್ರು ಮುಚ್ಚಳ ತೆಗೆದರು.

"ಏನಯ್ಯ ಇದು?"

"ಇಡ್ಲಿ, ಮೇಷ್ಟ್ರೇ."

"ಎಲ್ಲಿ?"

"ಹತ್ತು ಜನಕ್ಕೆ ದಾಟಿಸಿದೀನಿ. ನೀವು ಹನ್ನೊಂದನೆಯವರು. ಚಟ್ನಿ ಇದೆ, ಯಾರೂ ತಗೊಳ್ಳಲಿಲ್ಲ."

ಮೇಷ್ಟ್ರು ಬರಿಯ ಚಟ್ನಿ ನೋಡಿಕೊಂಡೇ ಅರ್ಜಿ ಬರೆದರು. ಇಡ್ಲಿ ಸಿಕ್ಕರೆ ಬರೆಯುವ, ಸಿಗದಿದ್ದರೆ ಬಿಡುವ ಮನುಷ್ಯರಲ್ಲ ಅವರು. ಅರ್ಜಿ ಪುರಸಭೆಗೆ ಹೋಯಿತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಂಜಿನಿಯರ್ ಪ್ರಭುಲಿಂಗಯ್ಯನವರು ಖುದ್ದು ಬಂದು ನೋಡುತ್ತಾರೆ ಅಂತ ಉತ್ತರವೂ ಬಂತು.

ಖಾಲಿ ಕ್ಯಾರಿಯರಿನ ಸುದ್ದಿ ತಿಳಿದು ಪುಟ್ಟತಾಯಮ್ಮ ಒಲೆಯ ಮುಂದೆ ಕೂತುಬಿಟ್ಟಳು.

"ನೀನು ಹೇಳ್ದಂಗೇ..."

"ಬಾಯ್ಮುಚ್ಚು. ಯಾರಿಗೆ ಸೇರಬೇಕೋ ಅವರೊಬ್ರಿಗೇ ಸೇರಬೇಕು ಕಣೋ. ಇನ್ಮೇಲೆ ಏನೇ ಕೊಟ್ರೂ ಯಾರ ಹೆಸರು ಹೇಳಿರ್ತಾರೋ ಅವರಿಗೇ ತಲುಪಿಸು. ಮಿಕ್ಕೋರ ಕಣ್ಣಿಗೂ ಬೀಳಬಾರದು."

"ಆಗಲವ್ವ, ಹಂಗೇ ಮಾಡ್ತೀನಿ."

ಬುಧವಾರ ಸಂಜೆ ಮೇಷ್ಟ್ರು ಮರಿಯಪ್ಪನನ್ನು ಕರೆಸಿದರು. "ಇಂಜಿನಿಯರ್ ಬಂದಾಗ ಬೀದಿ ಖಾಲಿ ಇದ್ರೆ, ತೊಂದರೆ ಏನಿಲ್ಲ ಅಂತ ಬರ್ಕೊಂಡು ಹೋಗ್ತಾರೆ. ಜನ ನಿಂತಿರಬೇಕು. ನಾನು ಹಾಕಿದ್ರೆ, ಮೇಷ್ಟ್ರ ಪಾಠ ಶುರುವಾಯ್ತು ಅಂತ ಯಾರೂ ಓದಲ್ಲ. ನೀನು ಹಾಕು, ನಾನು ಹೇಳ್ತೀನಿ." ಮೇಷ್ಟ್ರು ಹೇಳಿದರು, ಇವನು ಬರೆದ:

"ನಾಳೆ ಹತ್ತು ಗಂಟೆಗೆ ಇಂಜಿನಿಯರ್ ಪ್ರಭುಲಿಂಗಯ್ಯ ಬರುತ್ತಾರೆ. ಅರವತ್ತಮೂರು ಮನೆಯವರೂ ಖಾಲಿ ಕೊಡ ಹಿಡಿದು ನಲ್ಲಿಯ ಹತ್ತಿರ ಸೇರಿ. ನೀರು ಬರುವ ತನಕ ಅವರನ್ನು ಬೀದಿ ಬಿಟ್ಟು ಹೋಗಲು ಬಿಡಬಾರದು. ಈ ವಿಷಯ ಅವರ ಕಿವಿಗೆ ಬೀಳದಿರಲಿ."

"ಸರಿ, ಈಗಲೇ ಕಳಿಸು" ಅಂದು ಮೇಷ್ಟ್ರು ದೀಪ ಹಚ್ಚಿ ಫೋನು ಆರಿಸಿಟ್ಟರು. ಸಂಜೆಯ ಮೇಲೆ ಫೋನು ಮುಟ್ಟುವವರಲ್ಲ.

ಮರಿಯಪ್ಪ ಯೋಚಿಸಿದ. ಯಾರ ಹೆಸರು ಹೇಳಿದ್ದಾರೆ? ಪ್ರಭುಲಿಂಗಯ್ಯ. ನಂಬರು ಪಂಪ್‌ಹೌಸಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ಅವರೊಬ್ಬರಿಗೇ ಕಳಿಸಿದ. ಮಿಕ್ಕವರ ಕಣ್ಣಿಗೆ ಬೀಳದಂತೆ ಫೋನನ್ನು ಅಂಗಿಯೊಳಗೆ ಇಟ್ಟುಕೊಂಡ.

ಗುರುವಾರ ಹತ್ತು ಗಂಟೆ ಎಲ್ಲಿ, ಏಳಕ್ಕೇ ಜೀಪು ಬಂತು. ಹಿಂದೆ ಪೈಪು ತುಂಬಿದ ಟ್ರ್ಯಾಕ್ಟರು, ಆರು ಜನ ಕೆಲಸದವರು. ಪ್ರಭುಲಿಂಗಯ್ಯನವರು ಜೀಪಿನಿಂದ ಇಳಿದು ಬೀದಿಯ ಎರಡೂ ತುದಿ ನೋಡಿದರು.

"ಬೇಗ ಬೇಗ ಅಗೀರಪ್ಪ. ಹತ್ತಕ್ಕೆ ಅರವತ್ತಮೂರು ಕೊಡ ಬರ್ತವೆ. ಅಷ್ಟರೊಳಗೆ ನಾವು ಇಲ್ಲಿರಬಾರದು."

ಎರಡು ತಿಂಗಳು ಮುಂದಕ್ಕೆ ಹೋಗಬಹುದಾಗಿದ್ದ ಕೆಲಸ ಎರಡೂವರೆ ಗಂಟೆಯಲ್ಲಿ ಮುಗಿಯಿತು. ನಲ್ಲಿ ಮೊದಲು ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ಮಣಿಕಟ್ಟಿನ ದಪ್ಪಕ್ಕೆ ತಿಳಿನೀರು ಧುಮುಕಿತು. "ಟ್ಯಾಂಕು ತುಂಬಿದೆ. ಮತ್ತೆ ಬಿಡೋದು ಶನಿವಾರ, ಅಲ್ಲಿ ತನಕ ಈ ಟ್ಯಾಂಕಿನ ನೀರೇ ಗತಿ" ಅಂತ ಹೇಳಿ, ಇಂಜಿನಿಯರ್ ಜೀಪು ಹತ್ತಿ ಹಿಂದೆ ನೋಡದೆ ಹೋದರು.

ಪುಟ್ಟತಾಯಮ್ಮ ನೀರಿಗೆ ಕೈಯೊಡ್ಡಿ, ಮುಖಕ್ಕೆ ಹಾಕಿಕೊಂಡು, ಸೆರಗಿನಲ್ಲಿ ಒರೆಸಿಕೊಂಡಳು. ಏನಾಯಿತು, ಹೇಗಾಯಿತು ಅಂತ ಅವಳು ಕೇಳಲಿಲ್ಲ. ಇವತ್ತು ನೂರು ಇಡ್ಲಿಗೆ ನೆನೆಹಾಕಬೇಕು, ಮನೆಯಲ್ಲಿ ಉದ್ದಿಲ್ಲ.

"ನಾನು ಅಂಗಡಿಗೆ ಹೋಗಿ ಬರ್ತೀನಿ ಮರಿ. ನೀರು ಬಂತು ಅಂತ ಬೀದಿಯವರಿಗೆಲ್ಲ ಹೇಳು. ಎರಡು ತಿಂಗಳ ಮೇಲಾಯ್ತು, ಎಲ್ಲರೂ ಒಂದ್ಸಲ ಕಣ್ತುಂಬ ನೋಡ್ಲಿ. ಎಲ್ಲರೂ ನೋಡಿದ ಮೇಲೆ ನಲ್ಲಿ ನಿಲ್ಲಿಸು. ಗೊತ್ತಾಯ್ತಾ?"

"ಆಗಲವ್ವ, ಹಂಗೇ ಮಾಡ್ತೀನಿ."

ಮರಿಯಪ್ಪ ನೀರಿನ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ. ಹಾಕಿದ್ದನ್ನು ಯಾರು ಯಾರು ನೋಡಿದರು ಅಂತ ಫೋನೇ ಪಟ್ಟಿ ಕೊಡುತ್ತದಲ್ಲ, ಅದನ್ನು ತೆರೆದುಕೊಂಡು ನಲ್ಲಿಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತ. ಐದು ಜನ ನೋಡಿದರು. ಇಪ್ಪತ್ತು ಜನ ನೋಡಿದರು. ರಂಗಶೆಟ್ಟಿ "ನಮ್ಮ ಹೋರಾಟಕ್ಕೆ ಸಂದ ಜಯ" ಅಂತ ಹಾಕಿದ. ಪರಮೇಶ ಚಪ್ಪಾಳೆ ಹಾಕಿದ. ಜಯಶೀಲಮ್ಮ "ಕಣ್ಣು ತುಂಬಿ ಬಂತು" ಅಂತ ಹಾಕಿದಳು. ಹೂವು ಬಂತು, ಹೃದಯ ಬಂತು. ಕೊಡ ಹಿಡಿದು ಒಬ್ಬರೂ ಬರಲಿಲ್ಲ. ನೀರು ಬಂದಿದೆ, ನೋಡಿಯೂ ಆಯಿತು, ಇನ್ನೇನು, ಮಧ್ಯಾಹ್ನ ಹಿಡಿದರಾಯಿತು.

ಅರವತ್ತು ಜನ ನೋಡಿದರು. ಅರವತ್ತೆರಡು. ಅಲ್ಲಿಗೆ ಪಟ್ಟಿ ನಿಂತಿತು. ಮರಿಯಪ್ಪ ಕಾದ. ನೀರು ಚರಂಡಿ ತುಂಬಿತು, ಬೀದಿ ತುಂಬಿತು, ಅವನ ಪಾದ ಮುಳುಗಿತು. ಮರಿಯಪ್ಪ ಕಾದ.

ಅಂಗಡಿ ಬೀದಿಯ ತನಕ ಹರಿದು ಬಂದ ನೀರನ್ನು ಕಂಡು ಪುಟ್ಟತಾಯಮ್ಮ ಉದ್ದಿನ ಚೀಲ ಎದೆಗವಚಿಕೊಂಡು ಓಡಿ ಬಂದಳು. ಎದುರಿನಿಂದ ಮೇಷ್ಟ್ರು ಪಂಚೆ ಎತ್ತಿಕೊಂಡು ಓಡಿ ಬಂದರು.

"ನಿಲ್ಲಿಸೋ, ನಲ್ಲಿ ನಿಲ್ಲಿಸೋ."

"ಒಬ್ಬ ಬಾಕಿ ಅವ್ನೆ ಕಣವ್ವ. ಅರವತ್ತಮೂರರಲ್ಲಿ ಅರವತ್ತೆರಡು ಜನ ನೋಡಿದಾರೆ. ಆ ಒಬ್ಬ ನೋಡಿದ ತಕ್ಷಣ ನಿಲ್ಲಿಸ್ತೀನಿ."

ಮೇಷ್ಟ್ರು ಫೋನು ಕಿತ್ತುಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿದರು. ಒಂದೊಂದು ಹೆಸರೂ ಇತ್ತು. ಕೊನೆಗೆ ಕನ್ನಡಕ ತೆಗೆದು ಅವನ ಮುಖ ನೋಡಿದರು.

"ಹಾಕಿದವನ ಹೆಸರು ಪಟ್ಟಿಯಲ್ಲಿ ಬರಲ್ಲ ಕಣಯ್ಯ. ಆ ಒಬ್ಬ ನೀನೇ."

"ನಾನಾ?"

"ನೀನೇ. ನೀರು ನೋಡಿದೀಯೋ ಇಲ್ವೋ?"

"ನಾನೆಲ್ಲಿ ನೋಡ್ಲಿ ಮೇಷ್ಟ್ರೇ? ಬೆಳಿಗ್ಗೆಯಿಂದ ಫೋನು ನೋಡ್ತಿದ್ನಲ್ಲ."

"ಹಾಗಾದ್ರೆ ಈಗಲಾದ್ರೂ ನೋಡಿ ಪುಣ್ಯ ಕಟ್ಕೊ."

ಮರಿಯಪ್ಪ ತಿರುಗಿದ. ಕಣ್ಣರಳಿಸಿ ನಲ್ಲಿಯ ಬಾಯೊಳಗೆ ಇಣುಕಿದ. ನಲ್ಲಿ ಒಂದು ಸಲ ಗೊರ ಗೊರ ಅಂತು, ಆಮೇಲೆ ಸುಯ್ಯೆಂದು ಗಾಳಿ ಬಿಟ್ಟಿತು.

"ನೋಡಿದೆ ಮೇಷ್ಟ್ರೇ" ಅಂದ. "ಇದರಲ್ಲಿ ನೀರೇ ಬರ್ತಿಲ್ವಲ್ಲ."

ಏನು ಹೇಳಿದರೆ ಏನಾಗುತ್ತದೋ ಅಂತ ಪುಟ್ಟತಾಯಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಈಗ ಎಲ್ಲರೂ ನೋಡಿದಂತಾಯಿತು. ಮರಿಯಪ್ಪ ಎದ್ದು, ಅಂಗಿಯ ತೋಳು ಮಡಚಿಕೊಂಡು, ತಾಯಿ ಹೇಳಿದಂತೆಯೇ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದ.