ಎಂಟು ತೋರಿಸುವ ಪೆಟ್ಟಿಗೆಗೆ ಜಟ್ಟಪ್ಪನ ಕಾವಲು

ಹೂಂಗುಟ್ಟಲು ಒಬ್ಬರಿದ್ದರೂ ಸಾಕು, ಹೇಳುತ್ತೇನೆ. ಹೊನ್ನಾವರದ ಕಡೆ, ಹೊಳೆ ಹೋಗಿ ಸಮುದ್ರ ಸೇರುವಲ್ಲಿ, ಬೆಳ್ಳಕ್ಕ ಅಂತ ಒಬ್ಬಳು ಮೀನು ಮಾರುವ ಹೆಂಗಸು. ಅವಳಿಗೊಬ್ಬನೇ ಮಗ, ಜಟ್ಟಪ್ಪ. ಅವನಿಗೆ ಮೀಸೆ ಬಂದು ಹತ್ತು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಗ್ಗ ಕೈಬಿಡಬೇಡ ಅಂದರೆ ಹಗ್ಗ ಕೈಬಿಡಲಿಲ್ಲ. ದೋಣಿ ಹೋಯಿತು, ಹಗ್ಗ ಉಳಿಯಿತು. ಹಾಗೆ ಏಳು ಕಡೆ ಕೆಲಸ ಹೋಯಿತು.

ಬೆಳ್ಳಕ್ಕನಿಗೆ ಒಂದೇ ಆಸೆ. ಆಚೆ ದಡದ ಈರಪ್ಪನ ಮಗಳು ಮಾದೇವಿಯನ್ನು ಸೊಸೆ ಮಾಡಿಕೊಳ್ಳಬೇಕು. ಈರಪ್ಪ ಇಲ್ಲ ಅನ್ನಲಿಲ್ಲ. ಹುಡುಗ ಒಂದು ಕಡೆ ಒಂದು ತಿಂಗಳು ಪೂರ್ತಿ ನಿಲ್ಲಲಿ, ಬಂದು ಕಣ್ಣಾರೆ ನೋಡಿ ಮಾತು ಕೊಡುತ್ತೇನೆ ಅಂದ.

ಒಂದನೇ ತಾರೀಖಿನ ದಿನ ಬೆಳ್ಳಕ್ಕ ಮಗನನ್ನು ಕೈತಾನ ಸಾಯ್ಬರ ಮನೆಯಲ್ಲಿ ನಿಲ್ಲಿಸಿ ಬಂದಳು. ಸಾಯ್ಬರು ಹಡಗಿನ ಇಂಜಿನು ನೋಡಿಕೊಂಡು ಮೂವತ್ತು ವರ್ಷ ದೇಶ ಸುತ್ತಿದವರು. ಈಗ ಸಮುದ್ರ ಬಿಟ್ಟಿರಲಾರದೆ ಪಡಸಾಲೆಯಲ್ಲೇ ಒಂದು ಗಾಜಿನ ತೊಟ್ಟಿ ಇಟ್ಟುಕೊಂಡಿದ್ದರು. ಅದರ ತುಂಬ ಉಪ್ಪುನೀರು, ಸಾಕಿದ ಹವಳ, ಬಣ್ಣದ ಮೀನು. ತೊಟ್ಟಿಯ ಪಕ್ಕ ಒಂದು ಪೆಟ್ಟಿಗೆ. ತಾಸಿಗೊಮ್ಮೆ ಅದು ಸಣ್ಣ ನಳಿಗೆಯಲ್ಲಿ ಒಂದು ಗುಟುಕು ನೀರು ಎಳೆಯುತ್ತದೆ, ಔಷಧಿಯ ಹನಿ ಬಿಡುತ್ತದೆ, ಬಣ್ಣ ನೋಡುತ್ತದೆ, ಅಂಕೆ ತೋರಿಸುತ್ತದೆ, ಆ ಗುಟುಕನ್ನು ಕೆಳಗಿನ ಡಬ್ಬಿಗೆ ಉಗುಳುತ್ತದೆ. ಎಂಟು ಬಂದರೆ ಹವಳಕ್ಕೆ ಕ್ಷೇಮ.

ಎರಡನೇ ದಿನ ಸಾಯ್ಬರು ಪೇಟೆಗೆ ಹೊರಟರು. ನಾನು ತಿರುಗಿ ಬರುವಾಗ ಪೆಟ್ಟಿಗೆಯ ಮೇಲೆ ಎಂಟು ಕಾಣಬೇಕು ಅಂದರು.

ಜಟ್ಟಪ್ಪ ನೋಡುತ್ತಾನೆ, ಏಳೂವರೆ ಇದೆ. ಏನು ಮಾಡುವುದು? ಗೋಡೆಯ ಮೇಲೆ ಕ್ಯಾಲೆಂಡರು ಇತ್ತು. ಈ ತಿಂಗಳ ಎಂಟು ಇನ್ನೂ ಬರಬೇಕು, ಜನರಿಗೆ ಬೇಕಾಗುತ್ತದೆ. ಮುಂದಿನ ತಿಂಗಳದ್ದು ಈಗ ಯಾರಿಗೆ ಬೇಕು? ಹಾಳೆ ಎತ್ತಿ ಮುಂದಿನ ತಿಂಗಳ ಎಂಟನ್ನು ಕತ್ತರಿಸಿದ, ಅನ್ನದ ಅಗುಳು ಸವರಿ ಪೆಟ್ಟಿಗೆಗೆ ಅಂಟಿಸಿದ.

ಸಾಯ್ಬರು ಬಂದು ಕನ್ನಡಕ ಹಾಕಿ ನೋಡಿದರು. ಎಂಟು ಇದೆ. ಎಂಟರ ಕೆಳಗೆ ಸಣ್ಣ ಅಕ್ಷರದಲ್ಲಿ 'ವಿವಾಹಕ್ಕೆ ಶುಭ' ಅಂತಲೂ ಇದೆ!

ಬೈದರು. ಚೀಟಿಯನ್ನು ಕಿತ್ತು ಅವನ ಕೈಗೇ ಕೊಟ್ಟರು, ಅವನು ಜೇಬಿಗೆ ಹಾಕಿಕೊಂಡ. ಇನ್ನು ಅಂಕೆಯನ್ನು ಮುಚ್ಚಬೇಡ ಅಂದರು. ಅಂಕೆ ಇಳಿದರೆ ನನಗೆ ಹೇಳು, ಅಂಕೆ ಮಿತಿ ಮೀರಿ ಏರಿದರೆ ಹಳೇ ನೀರು ತೆಗೆದು ಎರಡು ಕೊಡ ಹೊಸ ಉಪ್ಪುನೀರು ಹೊಯ್ಯಿ ಅಂದರು.

"ಹಾಂಗಾದ್ರೆ ಇನ್ನು ಹಾಂಗೇ ಮಾಡ್ತೆ" ಅಂದ ಜಟ್ಟಪ್ಪ. ಕೆಲಸ ಉಳಿಯಿತು.

ಹತ್ತನೇ ದಿನ ಸಾಯ್ಬರ ಅಕ್ಕ ಲೂಸಿಬಾಯಿ ಬಂದರು. ಅವರಿಗೆ ಸಕ್ಕರೆ ಕಾಯಿಲೆ. ಚಹಾ ಹಿಡಿದು ಕೂತವರು ಬೆರಳು ಚುಚ್ಚಿಕೊಂಡು, ಒಂದು ಹನಿ ರಕ್ತವನ್ನು ಪುಟ್ಟ ಯಂತ್ರಕ್ಕೆ ತಾಗಿಸಿದರು. ಜಟ್ಟಪ್ಪ ಬಗ್ಗಿ ನೋಡಿದ. ಇದೂ ಹನಿ ಎಳೆಯುತ್ತದೆ, ಇದೂ ಅಂಕೆ ತೋರಿಸುತ್ತದೆ. ಅಂಕೆ ಎಷ್ಟು? ಇನ್ನೂರ ಹತ್ತು. ಎಂಟೆಲ್ಲಿ, ಇನ್ನೂರ ಹತ್ತೆಲ್ಲಿ!

ಬಾಯಮ್ಮನ ಕೈಯಿಂದ ಚಹಾ ಕಸಿದು ಹೊರಗೆ ಚೆಲ್ಲಿದ. ಹಳೇ ನೀರು ತೆಗೆದಾಯಿತು. ಒಂದು ಕೊಡ ಸಮುದ್ರದ ನೀರು ತಂದು ತಲೆಯ ಮೇಲೆ ಹೊಯ್ದ. "ಏಳಬೇಡಿ ಬಾಯಮ್ಮ, ಇನ್ನೂ ಒಂದು ಕೊಡ ಉಂಟು" ಅಂತ ಓಡಿದ.

ಲೂಸಿಬಾಯಿ ಸೀರೆ ಹಿಂಡುತ್ತ ನೇರ ಬೆಳ್ಳಕ್ಕನ ಮನೆಗೆ ಬಂದು ಕೂತರು. ಬೆಳ್ಳಕ್ಕ ಕಾಲು ಹಿಡಿದಳು, ದೊಡ್ಡ ಸುರಮಾಯಿ ಮೀನೊಂದನ್ನು ಕೊಟ್ಟು ಸಮಾಧಾನ ಮಾಡಿದಳು. ಸಂಜೆ ಮಗನಿಗೆ ಬುದ್ಧಿ ಹೇಳಿದಳು. "ಆ ಪೆಟ್ಟಿಗೆ ನೋಡಿಯಾದರೂ ಕಲಿಯೋ ಮಾರಾಯ. ಅದು ಮುನ್ನುಗ್ಗುತ್ತದಾ? ಮೊದಲು ಒಂದು ಗುಟುಕು ತಕ್ಕೊಂಡು ನೋಡ್ತದೆ. ಆಮೇಲೆ ಮುಂದಿನ ಮಾತು."

"ಹಾಂಗಾದ್ರೆ ಇನ್ನು ಹಾಂಗೇ ಮಾಡ್ತೆ."

ಇಪ್ಪತ್ತನೇ ದಿನ ಸಾಯ್ಬರ ಮನೆಗೆ ಪಾದ್ರಿಗಳು ಬಂದರು, ಸಂಗಡ ನಾಲ್ಕು ಜನ ಹಿರಿಯರು. ಪುನರ್ಪುಳಿ ಪಾನಕ ಕೊಡು ಅಂದರು ಸಾಯ್ಬರು. ಜಟ್ಟಪ್ಪ ಐದು ಲೋಟ ತಂದ. ಪಾದ್ರಿಗಳ ಎದುರು ನಿಂತು ಅವರ ಲೋಟದಿಂದ ಒಂದು ಗುಟುಕು ಎಳೆದ, ಕಣ್ಣು ಮುಚ್ಚಿದ, ಬಾಯಲ್ಲಿ ಆಡಿಸಿದ, ಪೆಟ್ಟಿಗೆಯ ಕೆಳಗಿನ ಡಬ್ಬಿಗೆ ಉಗುಳಿದ. "ಎಂಟು. ಕುಡೀಬಹುದು" ಅಂತ ಲೋಟ ಕೊಟ್ಟ. ಎರಡನೆಯದು ಏಳೂ ಮುಕ್ಕಾಲು, ಮೂರನೆಯದು ಎಂಟೂ ಕಾಲು. ನಾಲ್ಕನೆಯದಕ್ಕೆ ಬಾಯಿಡುವಷ್ಟರಲ್ಲಿ ಹಿರಿಯರೆಲ್ಲ ಚಪ್ಪಲಿ ಹುಡುಕುತ್ತಿದ್ದರು.

ಅವತ್ತು ಸಾಯ್ಬರು ಅವನನ್ನು ಮನೆಗೆ ಕಳಿಸಿಯೇಬಿಡುತ್ತಿದ್ದರು. ಆದರೆ ದಿನಕ್ಕೆ ಹತ್ತು ಕೊಡ ಸಮುದ್ರದ ನೀರು ಹೊತ್ತು, ಉಳಿದ ಹೊತ್ತೆಲ್ಲ ಬೇಸರವಿಲ್ಲದೆ ತೊಟ್ಟಿಯ ಮುಂದೆ ಕೂರುವ ಆಳು ಇನ್ನೆಲ್ಲಿ ಸಿಗಬೇಕು? ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಪರೀಕ್ಷೆ ಪೆಟ್ಟಿಗೆಯ ಕೆಲಸ, ನಿಂದಲ್ಲ. ತೊಟ್ಟಿಗೆ ಅಪಾಯ ಕಂಡರೆ ಮಾತ್ರ ನೀನು ಬಾಯಿ ಬಿಡು. ಪೆಟ್ಟಿಗೆ ಹೇಗೆ ಕೂಗ್ತದೆ? ಟೀಂ ಟೀಂ ಅಂತ, ಯಾರಾದರೂ ಬಂದು ಅದರ ಗುಂಡಿ ಒತ್ತುವ ತನಕ. ಒತ್ತಿದ ಮೇಲೆ ಒಂದು ತಾಸು ಸುಮ್ಮನೆ. ಹಾಗಿರಬೇಕು."

"ಹಾಂಗಾದ್ರೆ ಇನ್ನು ಹಾಂಗೇ ಇರ್ತೆ."

ಹಾಗೂ ಹೀಗೂ ತಿಂಗಳು ತುಂಬಿತು. ಮೂವತ್ತನೇ ದಿನ ಈರಪ್ಪ ಮಗಳನ್ನು ಕರೆದುಕೊಂಡು ಸಾಯ್ಬರ ಮನೆಗೇ ಬಂದ. ಬೆಳ್ಳಕ್ಕ ಬೆಳಿಗ್ಗೆಯೇ ಬಂದು ಅಡುಗೆಮನೆ ಹೊಕ್ಕಿದ್ದಳು. ಸಾಯ್ಬರು ಮಾದೇವಿಗೆ ಪೆಟ್ಟಿಗೆ ತೋರಿಸಿ, ಎಂಟು ಅಂದರೆ ಕ್ಷೇಮ, ಕೂಗಿದರೆ ಈ ಗುಂಡಿ ಒತ್ತಬೇಕು, ಒತ್ತಿದರೆ ಒಂದು ತಾಸು ಮೌನ ಅಂತ ಎಲ್ಲ ವಿವರಿಸಿದರು. ಹುಡುಗಿ ಗಮನವಿಟ್ಟು ಕೇಳಿದಳು. ಆಮೇಲೆ ಎಲ್ಲರೂ ಜಗಲಿಗೆ ಹೋಗಿ ಕೂತರು.

ಇತ್ತ ಬೆಳ್ಳಕ್ಕನಿಗೆ ಬಾಳೆಹಣ್ಣಿನ ರಸಾಯನಕ್ಕೆ ಕಾಯಿ ತಿರುವಬೇಕಿತ್ತು. ಬಾಗಿಲ ಬಳಿ ಇದ್ದ ಯಾವುದೋ ಪ್ಲಗ್ಗು ಕಿತ್ತು ಮಿಕ್ಸರು ಸಿಕ್ಕಿಸಿದಳು. ಕಾಯಿ ಆಯಿತು, ರಸಾಯನ ಆಯಿತು, ಪ್ಲಗ್ಗು ಮರೆತುಹೋಯಿತು.

ತೊಟ್ಟಿಯ ಮುಂದೆ ಜಟ್ಟಪ್ಪ ಒಬ್ಬನೇ. ನೋಡುತ್ತಾನೆ, ಎಂಟು ಇಲ್ಲ. ಏಳೂ ಇಲ್ಲ. ಪೆಟ್ಟಿಗೆ ಕಪ್ಪಾಗಿದೆ. ನೀರು ತಿರುಗಿಸುವ ಪಂಪು ನಿಂತಿದೆ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ. ಪಾಪ, ಪೆಟ್ಟಿಗೆಗೆ ಕೂಗಲೂ ಆಗುತ್ತಿಲ್ಲ. ಹಾಗಾದರೆ ಕೂಗಬೇಕಾದವರು ಯಾರು?

"ಟೀಂ! ಟೀಂ! ಟೀಂ!"

ಎಲ್ಲರೂ ಓಡಿ ಬಂದರು. ಬೆಳ್ಳಕ್ಕ ಬೇಡ ಮಗನೇ ಅಂತ ಕೈಮುಗಿದಳು, ಅವನು ನಿಲ್ಲಿಸಲಿಲ್ಲ. ಏನಾಯಿತು ಅಂತ ಸಾಯ್ಬರು ಕೇಳಿದರು, ಅವನು ಟೀಂ ಅಂದ. ಈರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಮಾದೇವಿ ಮಾತ್ರ ಮುಂದೆ ಬಂದು ಅವನ ಮೂಗಿನ ತುದಿ ಒತ್ತಿದಳು. ಜಟ್ಟಪ್ಪನ ಕೂಗು ತಟ್ಟನೆ ನಿಂತಿತು.

"ಪೆಟ್ಟಿಗೆ ಕಪ್ಪಾಗಿದೆ, ನೋಡಿ" ಅಂದಳು ಮಾದೇವಿ.

ಸಾಯ್ಬರು ಓಡಿ ಪ್ಲಗ್ಗು ಸಿಕ್ಕಿಸಿದರು. ಪಂಪು ತಿರುಗಿತು, ಮೀನುಗಳು ಕೆಳಗಿಳಿದವು. ಇನ್ನಷ್ಟು ಹೊತ್ತು ಹೋಗಿದ್ದರೆ ಹವಳವೆಲ್ಲ ಸತ್ತೇ ಹೋಗುತ್ತಿತ್ತು, ಇವನಿಂದ ಉಳಿಯಿತು ಅಂದರು. ಈರಪ್ಪನ ಮುಖ ಅರಳಿತು. ಕೆಲಸದ ಮಾತು ಸರಿ, ಹುಡುಗಿ ಒಪ್ಪಿಗೆಯಾ ಹೇಳಪ್ಪ ಅಂದ.

ಜಟ್ಟಪ್ಪ ಮಾತಾಡಲಿಲ್ಲ.

ಮತ್ತೆ ಕೇಳಿದ. ಮಾತಾಡಲಿಲ್ಲ. ಬೆಳ್ಳಕ್ಕ ಸೆರಗಿನ ಮರೆಯಲ್ಲಿ ಚಿವುಟಿದಳು. ಮಾತಾಡಲಿಲ್ಲ. ಈರಪ್ಪ ಟವಲ್ಲು ಕೊಡವಿ ಹೊರಟ. ಬೆಳ್ಳಕ್ಕನ ಕಣ್ಣು ತುಂಬಿತು, ಒಂದು ತಿಂಗಳು ಕಾದದ್ದು ಒಂದು ಗಳಿಗೆಯಲ್ಲಿ ಹೋಯಿತಲ್ಲ ಅಂತ.

"ಕೂತ್ಕೊಳ್ಳಿ ಅಪ್ಪ" ಅಂದಳು ಮಾದೇವಿ. "ಗುಂಡಿ ಒತ್ತಿದವಳು ನಾನು. ಒಂದು ತಾಸು ಆಗಲಿ."

ಕೂತರು. ರಸಾಯನ ತಿಂದರು. ಗಡಿಯಾರ ನೋಡಿದರು. ತಾಸು ತುಂಬಿತು. ಜಟ್ಟಪ್ಪ ಬಾಯಿ ಬಿಟ್ಟ, ಮಾದೇವಿಯ ಮುಖ ನೋಡಿ ಹೇಳಿದ.

"ಎಂಟು."

ಬೆಳ್ಳಕ್ಕ ಅಳುತ್ತಲೇ ನಕ್ಕಳು. ಈರಪ್ಪ ಶುಭದಿನ ನೋಡಲು ಕ್ಯಾಲೆಂಡರಿನ ಹಾಳೆ ಎತ್ತಿದರೆ, ಮುಂದಿನ ತಿಂಗಳಲ್ಲಿ ಏಳು ಇದೆ, ಒಂಬತ್ತು ಇದೆ, ನಡುವೆ ತೂತು. ಸಾಯ್ಬರು ತಲೆ ಚಚ್ಚಿಕೊಂಡರು. ಆ ತಿಂಗಳಿಗೆ ಇದ್ದ ಮುಹೂರ್ತ ಅದೊಂದೇ, ತಕ್ಷಣ ತೆಗೆದು ಅಂಟಿಸು ಅಂದರು.

ಜಟ್ಟಪ್ಪ ಜೇಬಿನಿಂದ ಎಂಟನ್ನು ತೆಗೆದ, ಅಗುಳು ಸವರಿದ. ಎತ್ತಿದ್ದ ಹಾಳೆ ಅಷ್ಟರಲ್ಲಿ ಇಳಿದು ಮುಂದಿನ ತಿಂಗಳನ್ನು ಮುಚ್ಚಿತ್ತು. ಈ ತಿಂಗಳ ಎಂಟರ ಮೇಲೆ ಆ ಎಂಟನ್ನು ಒತ್ತಿ ಅಂಟಿಸಿದ. 'ವಿವಾಹಕ್ಕೆ ಶುಭ'. ಅಲ್ಲಿಂದ ಇವತ್ತಿನ ತನಕ ಬೆರಳು ಮಡಚಿ ಎಣಿಸಿದ. ಇಪ್ಪತ್ತೆರಡು ದಿನ.

ಆಮೇಲೆ ಮಾದೇವಿಯ ಕಡೆ ತಿರುಗಿ, "ಮದುವೆಯಾಗಿ ಮೂರು ವಾರ ಆಯ್ತಲ್ಲೇ, ಎಷ್ಟು ದಿನ ಅಪ್ಪನ ಮನೆಯಲ್ಲೇ ಇರ್ತಿ? ನಡಿ ಮನೆಗೆ" ಅಂತ ಅವಳ ಚಪ್ಪಲಿ ಹುಡುಕಲು ಹೊರಟ.